ಈ ವಾರ ನಾಲ್ಕನೆಯ ಸಲ ಸಂಧಾನ ಮುರಿಯಿತು

ನಮ್ಮ ಮನೆಯ ಡಿವಿಡಿ ಪ್ಲೇಯರ್‌ಗೆ ಈ ಮುಖ ಕೊಟ್ಟ ಮಹಾಶಯ ಎಲ್ಲಿದ್ದಾನೋ ಕಾಣೆ. ಅವನನ್ನು ಒಂದು ಸಂಜೆ ತುಮಕೂರಿಗೆ ಕರೆತಂದು ನಮ್ಮಪ್ಪನ ಪಕ್ಕದಲ್ಲಿ ಕೂರಿಸಬೇಕು.

ಅಪ್ಪ ನಮ್ಮೂರಿನ ಕುರುಕ್ಷೇತ್ರ ನಾಟಕದಲ್ಲಿ ಕರ್ಣನ ಪಾತ್ರ ಕಟ್ಟಿದವರು. ಬೆಳಗಿನವರೆಗೆ ನಡೆದ ನಾಟಕ 4.7 ಜಿಬಿಯ ಒಂದು ಡಿಸ್ಕಿಗೆ ಹಿಡಿಯುತ್ತದೆಯೇ? ವಿಡಿಯೊದವನು ಎರಡೆರಡು ಗಂಟೆಯಂತೆ ತುಂಬಿಸಿ ನಾಲ್ಕು ಕೊಟ್ಟಿದ್ದ. ಮೂರನೆಯದು ಶುರುವಾಗುವುದೇ ಕೃಷ್ಣ ಸಂಧಾನದಿಂದ. ಅಪ್ಪನಿಗೆ ಬೇಕಾದದ್ದು ಕುಂತಿ ಬಂದು ಕರ್ಣನ ಮುಂದೆ ಸೆರಗೊಡ್ಡುವ ದೃಶ್ಯ. ಅದಕ್ಕೆ ಒಂದು ಗಂಟೆ ಕಾಯಬೇಕು.

ರಿಮೋಟ್ ಕೆಟ್ಟಿದೆ. ಎಂ.ಜಿ. ರಸ್ತೆಯಿಂದ ತಂದ ಬದಲಿ ರಿಮೋಟ್ ಟಿವಿಯ ಸದ್ದು ಏರಿಸುತ್ತದೆಯೇ ಹೊರತು ಪ್ಲೇಯರ್‌ನ ಗೊಡವೆಗೇ ಹೋಗುವುದಿಲ್ಲ. ಹೋಗಲಿ, ಪೆಟ್ಟಿಗೆಯ ಮೇಲೆಯೇ ಗುಂಡಿಗಳಿವೆಯಲ್ಲ ಎಂದರೆ, ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಡಲೆಬೇಳೆಯಷ್ಟಗಲದ ಮೂರು ಕಪ್ಪು ಗುಂಡಿಗಳು. ಅವುಗಳ ಮೇಲಿನ ತ್ರಿಕೋನ, ಚೌಕದ ಗುರುತೂ ಕಪ್ಪೇ! ಪ್ಲೇ, ಸ್ಟಾಪ್, ಟ್ರೇ ಹೊರಗೆ ಬರುವ ಗುಂಡಿ, ಮೂರಕ್ಕೂ ಒಂದೇ ಅಳತೆ, ಒಂದೇ ಆಕಾರ. ಮುಂದಕ್ಕೆ ಓಡಿಸುವ ಗುಂಡಿ ರಿಮೋಟ್‌ನಲ್ಲಿ ಮಾತ್ರ. ಎಷ್ಟನೆಯ ನಿಮಿಷ ಎಂದು ತೋರಿಸುವ ಅಂಕಿಗಳೂ ಇಲ್ಲ. ಇರುವುದು ಕಣ್ಣು ಕುಕ್ಕುವ ಒಂದು ನೀಲಿ ದೀಪ. ಅದರ ಬೆಳಕು ಸೋಫಾದವರೆಗೆ ಬೀಳುತ್ತದೆ, ಪಕ್ಕದ ಗುಂಡಿಯ ಮೇಲೆ ಬೀಳುವುದಿಲ್ಲ.

ಸ್ಟಾಪ್ ಗುಂಡಿಯ ಕಿತಾಪತಿಯೇ ಬೇರೆ. ಒಮ್ಮೆ ಒತ್ತಿದರೆ ನಿಂತ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಎರಡು ಸಲ ಒತ್ತಿದರೆ ಮರೆತುಬಿಡುತ್ತದೆ. ಎಪ್ಪತ್ತು ದಾಟಿದ, ನಡುಗುವ ಬೆರಳು ಒಂದೇ ಸಲ ಒತ್ತುತ್ತದೆಯೇ? ಅಮ್ಮ ಊಟಕ್ಕೆ ಕರೆದರೆಂದು ಅಪ್ಪ ನಿಲ್ಲಿಸಿ ಹೋಗುತ್ತಾರೆ, ಕೈ ತೊಳೆದು ಬಂದು ಹಾಕಿದರೆ ಕೃಷ್ಣ ಮತ್ತೆ ದುರ್ಯೋಧನನ ಸಭೆಯ ಬಾಗಿಲಲ್ಲಿ ನಿಂತಿರುತ್ತಾನೆ. ಭಾನುವಾರದಿಂದ ನಮ್ಮ ಮನೆಯಲ್ಲಿ ಮೂರು ಸಲ ಸಂಧಾನ ಮುರಿದಿತ್ತು. ಕುಂತಿಗೆ ಬರಲು ಒಮ್ಮೆಯೂ ಪುರುಸೊತ್ತಾಗಿಲ್ಲ.

ಹಳೆಯ ಟೇಪ್‌ರೆಕಾರ್ಡರ್‌ಗೆ ಏನಾಗಿತ್ತು ಹೇಳಿ! ಹೆಬ್ಬೆರಳಗಲದ ಗುಂಡಿಗಳು, ಒತ್ತಿದರೆ ಟಕ್ ಎಂದು ಕೆಳಗೆ ಕೂರುತ್ತಿದ್ದವು. ರೆಕಾರ್ಡ್ ಗುಂಡಿಗೆ ಕೆಂಪು ಬಣ್ಣ. ಕರೆಂಟಿಲ್ಲದ ರಾತ್ರಿಯಲ್ಲೂ ಬ್ಯಾಟರಿ ಹಾಕಿ ಅಪ್ಪ ಕತ್ತಲಲ್ಲೇ ಕ್ಯಾಸೆಟ್ ತಿರುವಿ ಹಾಕಿ ರಂಗಗೀತೆ ಕೇಳುತ್ತಿದ್ದರು. ಆಗ ಅದಕ್ಕೆ ಯಾರೂ ‘ಸ್ಲಿಮ್’ ಎಂದು ಹೆಸರಿಟ್ಟಿರಲಿಲ್ಲ.

ಕೊನೆಗೆ ಅಮ್ಮ ತಮ್ಮ ಸ್ಟಿಕ್ಕರ್ ಹಾಳೆಯಿಂದ ಒಂದು ಕೆಂಪು ಬೊಟ್ಟು ಕಿತ್ತು ಪ್ಲೇ ಗುಂಡಿಗೆ ಅಂಟಿಸಿದರು. ಎರಡು ದಿನ ನೆಮ್ಮದಿಯಾಗಿತ್ತು. ನಿನ್ನೆ ದೂಳು ಒರೆಸುವಾಗ ಅದು ಉದುರಿತು, ನಾನೇ ಎತ್ತಿ ಮತ್ತೆ ಅಂಟಿಸಿದೆ. ರಾತ್ರಿ ಕುಂತಿ ಇನ್ನೇನು ರಂಗಕ್ಕೆ ಬರಬೇಕು, ಫೋನ್ ಬಂದಿತೆಂದು ತಡೆದು ನಿಲ್ಲಿಸಿದ್ದ ಅಪ್ಪ ವಾಪಸು ಬಂದು, ಕನ್ನಡಕ ಸರಿಮಾಡಿಕೊಂಡು, ಬೊಟ್ಟನ್ನೇ ನೋಡಿ ಒತ್ತಿದರು.

ಕನ್ನಡಕವಿಲ್ಲದ ನಾನು ಅದನ್ನು ಅಂಟಿಸಿದ್ದು ಸ್ಟಾಪ್ ಗುಂಡಿಯ ಮೇಲೆ.