ಬೂದು ಅಕ್ಷರಗಳ ಹಿಂದೆ ಏನಿದೆ ಎಂದು ನೋಡುವ ಹಕ್ಕು

ನಾವು ಮೂವರು ಗೆಳೆಯರು ಬಿಡುವಿನ ವೇಳೆಯಲ್ಲಿ ಬರೆದ ಕೋಡ್ ಕಂಪ್ಲೀಶನ್ ಟೂಲ್ (ಪ್ರೋಗ್ರಾಮ್ ಬರೆಯುವಾಗ ಮುಂದೆ ಬರಬೇಕಾದ ಕೋಡನ್ನು ಸೂಚಿಸುವ ಸಾಧನ) ಒಂದನ್ನು ಕಳೆದ ತಿಂಗಳು ಸೋರ್ಸ್ ಕೋಡ್ ಸಮೇತ, ಅಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದುವಂತೆ, ಬಿಡುಗಡೆ ಮಾಡಿದೆವು. ಅಂದಿನಿಂದ ಪರಿಚಿತರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ: ದೊಡ್ಡ ಕಂಪನಿಗಳ ಟೂಲ್‌ಗಳು ಇಷ್ಟು ಚೆನ್ನಾಗಿರುವಾಗ ಇನ್ನೊಂದು ಏತಕ್ಕೆ? ನಮ್ಮದು ಅವುಗಳಿಗಿಂತ ಚೆನ್ನಾಗಿದೆ ಎಂದು ನಾನು ಹೇಳಲಾರೆ, ಏಕೆಂದರೆ ಅದು ನಿಜವಲ್ಲ. ಆದರೆ ಪ್ರೋಗ್ರಾಮರ್ ಒಬ್ಬರು ಬರೆಯುವ ಪ್ರತಿಯೊಂದು ಅಕ್ಷರವನ್ನೂ ಓದುತ್ತಾ ಕೂರುವ ಟೂಲ್, ತಾನು ಏನೇನು ಓದುತ್ತೇನೆ ಮತ್ತು ಓದಿದ್ದನ್ನು ಎಲ್ಲಿಗೆ ಕಳುಹಿಸುತ್ತೇನೆ ಎಂಬುದನ್ನು ಅವರ ಕಣ್ಣೆದುರು ತೆರೆದಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಕಾಲದ ಕಂಪ್ಲೀಶನ್‌ನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಚುಕ್ಕೆಯೊಂದನ್ನು ಒತ್ತಿದರೆ ಆ ವಸ್ತುವಿಗೆ ಸೇರಿದ ಫಂಕ್ಷನ್‌ಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು, ಅಷ್ಟೇ. 2016ರಲ್ಲಿ, ಕೋಡ್ ಬರೆಯುವ ಎಡಿಟರುಗಳೂ ಇಂತಹ ಪಟ್ಟಿ ಒದಗಿಸುವ ಸರ್ವರುಗಳೂ ಮಾತಾಡಿಕೊಳ್ಳುವ ಸಾಮಾನ್ಯ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಂದ ಮೇಲೆ ಒಂದೇ ಸರ್ವರನ್ನು ಹಲವು ಎಡಿಟರ್‌ಗಳು ಬಳಸುವಂತಾಯಿತಾದರೂ, ಆ ಪಟ್ಟಿ ಹುಟ್ಟುತ್ತಿದ್ದುದು ಸಾಮಾನ್ಯವಾಗಿ ನಮ್ಮ ಕಂಪ್ಯೂಟರಿನಲ್ಲಿಯೇ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಎಂಬ ಎಐ ಟೂಲ್ ಬಂದಮೇಲೆ ಚಿತ್ರ ಬದಲಾಯಿತು. ಈಗ ಕರ್ಸರಿನ ಹಿಂದಿರುವ ಕೋಡು, ಮುಂದಿರುವ ಕೋಡು, ಅಕ್ಕಪಕ್ಕದ ಟ್ಯಾಬುಗಳಲ್ಲಿ ತೆರೆದಿರುವ ಫೈಲುಗಳ ತುಣುಕುಗಳು, ಇವೆಲ್ಲ ಒಟ್ಟಾಗಿ ಎಐ ಮಾಡೆಲ್‌ಗೆ (ಅಪಾರ ಕೋಡನ್ನು ಓದಿ ಮುಂದಿನದನ್ನು ಊಹಿಸಲು ಕಲಿತ ತಂತ್ರಾಂಶಕ್ಕೆ) ಹೋಗುತ್ತವೆ, ಮತ್ತು ಮಾಡೆಲ್ ಊಹಿಸಿದ್ದು ಬೂದು ಬಣ್ಣದ ಅಕ್ಷರಗಳಾಗಿ ತೆರೆಯ ಮೇಲೆ ಮೂಡುತ್ತದೆ. ನಡುವೆ ಬಿಟ್ಟ ಜಾಗವನ್ನು ತುಂಬುವುದನ್ನು ಮಾಡೆಲ್‌ಗೆ ಕಲಿಸುವ ಉಪಾಯ ಬಹಳ ಸರಳವಾದದ್ದು: ತರಬೇತಿಯ ವೇಳೆ ಫೈಲಿನ ನಡುವಿನಿಂದ ಒಂದು ತುಂಡನ್ನು ಕತ್ತರಿಸಿ ಕೊನೆಗೆ ಅಂಟಿಸುತ್ತಾರೆ, ಹಿಂದುಮುಂದಿನದನ್ನು ನೋಡಿ ಆ ತುಂಡನ್ನು ಬರೆಯುವುದನ್ನು ಮಾಡೆಲ್ ಕಲಿಯುತ್ತದೆ.

ಮಾಡೆಲ್ ನಮ್ಮದಲ್ಲ. ನಾವು ಬೆವರು ಸುರಿಸಿದ್ದೆಲ್ಲ ಅದರ ಸುತ್ತಲಿನ ಕೆಲಸಕ್ಕೆ. ಕೀಲಿ ಒತ್ತಿದ ಎಷ್ಟು ಹೊತ್ತಿನ ಮೇಲೆ ಮಾಡೆಲನ್ನು ಕೇಳಬೇಕು, ಬಳಕೆದಾರರು ಮುಂದಿನ ಅಕ್ಷರ ಒತ್ತಿದ ಕೂಡಲೇ ಹಳೆಯ ಕೋರಿಕೆಯನ್ನು ಹೇಗೆ ರದ್ದು ಮಾಡಬೇಕು, ಯಾವ ಫೈಲಿನ ಯಾವ ಸಾಲುಗಳನ್ನು ಆರಿಸಿ ಜೊತೆಗೆ ಕೊಡಬೇಕು ಎಂಬ ತೀರ್ಮಾನಗಳಲ್ಲೇ ತಿಂಗಳುಗಳು ಕಳೆದವು. ಸಲಹೆ ಅರ್ಧ ಸೆಕೆಂಡು ತಡವಾಗಿ ಬಂದರೂ ಬೆರಳು ಮುಂದೆ ಹೋಗಿರುತ್ತದೆ, ಆಮೇಲೆ ಬಂದ ಬೂದು ಅಕ್ಷರ ಕಣ್ಣಿಗೆ ಬಿದ್ದ ಕಸದಂತೆ.

ಬಿಡುಗಡೆಯಾದ ಮೂರನೆಯ ದಿನವೇ ನಮ್ಮ ಮುಖ ಕೆಂಪಾಗುವಂತಹ ಇಶ್ಯೂ (ದೋಷದ ದೂರು) ಒಂದು ಬಂತು. ಅಪರಿಚಿತ ಬಳಕೆದಾರರೊಬ್ಬರು ಟೆಸ್ಟ್ ಫೈಲಿನಲ್ಲಿ ಪಾಸ್‌ವರ್ಡ್ ಎಂದು ಬರೆದು ಸಮ ಚಿಹ್ನೆ ಹಾಕಿದ ತಕ್ಷಣ ಅವರ ಡೇಟಾಬೇಸಿನ ನಿಜವಾದ ಪಾಸ್‌ವರ್ಡೇ ಬೂದು ಅಕ್ಷರಗಳಲ್ಲಿ ಮೂಡಿತ್ತು. ಗುಟ್ಟಿನ ಕೀಲಿಗಳನ್ನೆಲ್ಲ ಇಟ್ಟುಕೊಳ್ಳುವ ಡಾಟ್ ಎನ್ವ್ ಫೈಲನ್ನು ಅವರು ಪಕ್ಕದ ಟ್ಯಾಬಿನಲ್ಲಿ ತೆರೆದಿದ್ದರು, ಮತ್ತು ನಮ್ಮ ಟೂಲ್ ತೆರೆದಿದ್ದ ಟ್ಯಾಬುಗಳನ್ನೆಲ್ಲ ಭೇದವಿಲ್ಲದೆ ಬಾಚಿಕೊಂಡಿತ್ತು. ಅವರು ಮಾಡೆಲನ್ನು ತಮ್ಮ ಕಂಪ್ಯೂಟರಿನಲ್ಲಿಯೇ ಓಡಿಸುತ್ತಿದ್ದುದರಿಂದ ಪಾಸ್‌ವರ್ಡ್ ಹೊರಗೆ ಹೋಗಿರಲಿಲ್ಲ. ಆದರೆ ದೂರದ ಸರ್ವರ್ ಬಳಸುವ ಆಯ್ಕೆಯನ್ನೂ ನಾವೇ ಕೊಟ್ಟಿದ್ದೆವು, ಅದನ್ನು ಆರಿಸಿದ್ದವರ ಗತಿಯನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ದೂರು ಕೊಟ್ಟ ಆ ಬಳಕೆದಾರರು ದೂರಿನ ಜೊತೆಯಲ್ಲೇ ತಪ್ಪಿದ್ದ ಸಾಲನ್ನು ತೋರಿಸಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಡೆಗಣಿಸುವ ಫೈಲುಗಳನ್ನು ಟೂಲ್ ಕೂಡ ಮುಟ್ಟದಂತೆ ಮಾಡುವ ಪ್ಯಾಚನ್ನೂ (ತಿದ್ದುಪಡಿಯ ಕೋಡನ್ನೂ) ಕಳುಹಿಸಿದ್ದರು. ಸೋರ್ಸ್ ಮುಚ್ಚಿದ್ದರೆ ಅವರಿಗೆ ಕಾಣುತ್ತಿದ್ದುದು ಬೂದು ಅಕ್ಷರ ಮಾತ್ರ. ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಊಹಿಸಿಕೊಂಡೇ ಇರಬೇಕಾಗಿತ್ತು.

ಇಷ್ಟಾದರೂ ನಮ್ಮ ಟೂಲ್ ಪೂರ್ತಿ ಓಪನ್ ಸೋರ್ಸ್ ಎಂದು ಎದೆ ತಟ್ಟಿಕೊಳ್ಳಲು ನನಗೆ ಮನಸ್ಸಿಲ್ಲ, ಮತ್ತು ಈ ವಿಷಯದಲ್ಲಿ ನಮ್ಮ ಕ್ಷೇತ್ರದವರೆಲ್ಲ ಪದವನ್ನು ತೀರಾ ಸಡಿಲವಾಗಿ ಬಳಸುತ್ತಿದ್ದಾರೆ ಎಂಬ ತಕರಾರು ನನ್ನದು. ನಾವು ಬರೆದ ಕೋಡಿಗೆ, ಯಾರು ಬೇಕಾದರೂ ಬಳಸಿ ತಿದ್ದಲು ಬಿಡುವ ಅಪಾಚೆ 2.0 ಲೈಸೆನ್ಸ್ ಇದೆ, ಅದರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ಮಾಡೆಲ್‌ನಲ್ಲಿ. 2023ರ ಆಗಸ್ಟಿನಲ್ಲಿ ಮೆಟಾ ಬಿಡುಗಡೆ ಮಾಡಿದ ಕೋಡ್ ಲಾಮಾ ಎಂಬ ಮಾಡೆಲನ್ನು ಹಲವರು ಓಪನ್ ಸೋರ್ಸ್ ಎಂದೇ ಕರೆದರು; ಆದರೆ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳು ಪ್ರತ್ಯೇಕ ಅನುಮತಿ ಪಡೆಯಬೇಕೆಂಬ ಷರತ್ತು ಅದರ ಲೈಸೆನ್ಸಿನಲ್ಲಿತ್ತು. ಅದೇ ವರ್ಷದ ಮೇ ತಿಂಗಳಿನಲ್ಲಿ ಬಂದ ಸ್ಟಾರ್‌ಕೋಡರ್ ಎಂಬ ಮಾಡೆಲ್‌ಗೂ ಯಾವ ಯಾವ ಕೆಲಸಕ್ಕೆ ಬಳಸಬಾರದು ಎಂಬ ಪಟ್ಟಿ ಅಂಟಿಕೊಂಡಿದೆ. ಯಾರು ಬಳಸುತ್ತಾರೆ, ಯಾವ ಉದ್ದೇಶಕ್ಕೆ ಬಳಸುತ್ತಾರೆ ಎಂಬುದರ ಮೇಲೆ ನಿರ್ಬಂಧ ಹೇರಬಾರದು ಎಂಬುದು, ಓಪನ್ ಸೋರ್ಸ್ ಎಂದರೇನೆಂದು ವ್ಯಾಖ್ಯಾನಿಸುವ ಸಂಸ್ಥೆಯಾದ ಓಪನ್ ಸೋರ್ಸ್ ಇನಿಷಿಯೇಟಿವ್‌ನ ವ್ಯಾಖ್ಯಾನದ ಮೂಲ ನಿಯಮಗಳಲ್ಲೊಂದಾದ್ದರಿಂದ, ಆ ಅಳತೆಯಲ್ಲಿ ಇವೆರಡೂ ತೇರ್ಗಡೆಯಾಗುವುದಿಲ್ಲ.

ಹಾಗೆಂದು ಲೈಸೆನ್ಸ್ ನೋಡಿ ಮಾತ್ರ ತೀರ್ಪು ಕೊಟ್ಟರೆ ಇನ್ನೊಂದು ಅನ್ಯಾಯವಾಗುತ್ತದೆ. ಸ್ಟಾರ್‌ಕೋಡರ್ ಕಟ್ಟಿದ ಬಿಗ್‌ಕೋಡ್ ಯೋಜನೆಯವರು ತರಬೇತಿಗೆ ಬಳಸಿದ ಕೋಡಿನ ಸಂಗ್ರಹವನ್ನು ಪ್ರಕಟಿಸಿದರು, ತಮ್ಮ ಕೋಡು ಅದರಲ್ಲಿದೆಯೇ ಎಂದು ಯಾರು ಬೇಕಾದರೂ ಹುಡುಕಿ ನೋಡಿ, ಬೇಡವೆಂದರೆ ತೆಗೆಸಲು ದಾರಿ ಮಾಡಿಕೊಟ್ಟರು. ನಾವು ಆರಿಸಿಕೊಂಡ ಕ್ವೆನ್ 2.5 ಕೋಡರ್‌ನ 150 ಕೋಟಿ ಪ್ಯಾರಾಮೀಟರಿನ (ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಮಾಡೆಲ್‌ನದ್ದು ಇದಕ್ಕೆ ತಿರುಗುಮುರುಗು: ಲೈಸೆನ್ಸ್ ಅಪಾಚೆ 2.0, ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಆದರೆ ಅದು ಯಾರ ಯಾರ ಕೋಡನ್ನು ಓದಿ ಕಲಿಯಿತು ಎಂಬ ಸಂಗ್ರಹ ನಮ್ಮ ಮುಂದಿಲ್ಲ. ಎಂಐಟಿ ಲೈಸೆನ್ಸಿನ ಕೋಡನ್ನು ನಕಲು ಮಾಡುವವರು ಮೂಲ ಲೇಖಕರ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಳ್ಳಬೇಕು. ಮಾಡೆಲ್ ಅಂತಹ ಹತ್ತು ಸಾಲನ್ನು ಯಥಾವತ್ತಾಗಿ ಉದುರಿಸಿದರೆ ನಮ್ಮ ಟೂಲಿಗೆ ಅದು ತಿಳಿಯುವುದೇ ಇಲ್ಲ. ಆದ್ದರಿಂದ ಟೂಲನ್ನು ಪರಿಚಯಿಸುವ ರೀಡ್‌ಮಿ ಫೈಲಿನ ಮೊದಲ ಪ್ಯಾರಾದಲ್ಲಿಯೇ ಟೂಲ್ ತೆರೆದಿದೆ, ಮಾಡೆಲ್‌ನ ತೂಕಗಳು (ಅಂದರೆ ಅದರ ಪ್ಯಾರಾಮೀಟರುಗಳು) ತೆರೆದಿವೆ, ತರಬೇತಿಯ ದತ್ತಾಂಶ ತೆರೆದಿಲ್ಲ ಎಂದು ಬರೆದೆವು. ಇದರಿಂದ ಬಳಕೆದಾರರು ಹಿಂಜರಿಯುತ್ತಾರೆ ಎಂದು ಗೆಳೆಯರಲ್ಲೊಬ್ಬರು ವಾದಿಸಿದರು. ಹಿಂಜರಿಯಲಿ ಎಂದು ನಾನೂ ಇನ್ನೊಬ್ಬರೂ ಹಟ ಹಿಡಿದೆವು.

ಈಗ ನಮ್ಮ ನಡುವೆ ಉಳಿದಿರುವ ಜಗಳ ಬಳಕೆಯ ಲೆಕ್ಕ ಇಡುವುದರ ಬಗ್ಗೆ. ಎಷ್ಟು ಸಲಹೆಗಳನ್ನು ಜನ ಒಪ್ಪಿಕೊಂಡರು, ಎಷ್ಟನ್ನು ಅಳಿಸಿದರು ಎಂಬ ಅಂಕಿ ಸಿಗದೆ ಟೂಲನ್ನು ಸುಧಾರಿಸುವುದು ನಿಜಕ್ಕೂ ಕಷ್ಟ. ಕೋಡ್ ಬರೆಯುವ ಮಾಡೆಲ್‌ಗಳನ್ನು ಅಳೆಯುವ ಹ್ಯೂಮನ್‌ಇವ್ಯಾಲ್ ಪರೀಕ್ಷೆಯ 164 ಲೆಕ್ಕಗಳು ಮಾಡೆಲ್ ಒಂದಿಡೀ ಫಂಕ್ಷನ್ ಬರೆಯಬಲ್ಲದೇ ಎಂದು ಹೇಳುತ್ತವೆಯೇ ಹೊರತು, ಅರ್ಧ ಬರೆದ ಸಾಲಿನ ನಡುವೆ ಅದು ಎಷ್ಟು ಉಪಯುಕ್ತ ಎಂಬುದನ್ನು ಹೇಳುವುದಿಲ್ಲ. ಆದರೂ ಪಾಸ್‌ವರ್ಡ್ ಪ್ರಕರಣ ಆದ ಮೇಲೆ, ಒಂದು ಬೈಟನ್ನಾದರೂ ಕೇಳದೆ ಹೊರಗೆ ಕಳುಹಿಸುವ ಕೋಡನ್ನು ಬರೆಯಲು ನನ್ನ ಕೈ ಏಳುತ್ತಿಲ್ಲ. ಬೇಕಾದವರು ತಾವಾಗಿಯೇ ಆನ್ ಮಾಡಿಕೊಳ್ಳುವ, ಕಳುಹಿಸುವ ಮುನ್ನ ಪ್ರತಿಯೊಂದು ಅಂಕಿಯನ್ನೂ ತೆರೆಯ ಮೇಲೆ ತೋರಿಸುವ ವ್ಯವಸ್ಥೆಯೊಂದರ ಕರಡನ್ನು ನಿನ್ನೆ ರಾತ್ರಿ ನಮ್ಮ ಕೋಡಿರುವ ರೆಪೊಸಿಟರಿಗೆ ಹಾಕಿದ್ದೇನೆ. ಪಾಸ್‌ವರ್ಡ್ ಕಂಡು ಹಿಡಿದ ಅದೇ ಬಳಕೆದಾರರು ಇಂದು ಬೆಳಿಗ್ಗೆ ಅದರಲ್ಲೂ ಎರಡು ತಪ್ಪುಗಳನ್ನು ತೋರಿಸಿದ್ದಾರೆ.