ಸಹಿ ಮೊದಲು, ಮಾತು ಆಮೇಲೆ

ನಿನ್ನೆ ಊರಿಂದ ಬಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಬರೆಯದೆ ಇದ್ದರೆ ಇವತ್ತೂ ಬರಲ್ಲ.

ನಿಮಗೆಲ್ಲ ಗೊತ್ತಲ್ಲ, ನನ್ನ ಊರು ಜಗಳೂರು ತಾಲ್ಲೂಕಿನಲ್ಲಿ, ರಂಗಯ್ಯನದುರ್ಗದ ಕಾಡಿನ ಮಗ್ಗುಲಿಗೇ ಇದೆ. ಕೆಲಸಕ್ಕೆ ಅಂತ ದಾವಣಗೆರೆಗೆ ಬಂದು ಇಪ್ಪತ್ತು ವರ್ಷ ಆಯಿತು. ಹೊಲ, ನೆಂಟರು, ಹಬ್ಬ ಎಲ್ಲ ಇನ್ನೂ ಅಲ್ಲೇ. ನಿನ್ನೆ ಅಲ್ಲಿ ಒಂದು ಸಭೆ ಇತ್ತು. ಕಾಡು ಹೇಗೆ ಉಳಿಯಬೇಕು, ಸುತ್ತಲಿನ ಹಳ್ಳಿಗಳು ಹೇಗೆ ಮುಂದೆ ಬರಬೇಕು ಅಂತ ಊರಿನವರ ಅಭಿಪ್ರಾಯ ಕೇಳುವ ಸಭೆ. ಹತ್ತೂವರೆಗೆ ಅಂದಿದ್ದರು. ಹನ್ನೆರಡೂಕಾಲಿಗೆ ಅಧಿಕಾರಿಗಳ ಜೀಪು ಬಂತು.

ಬಂದವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಉದ್ದನೆಯ ಪುಸ್ತಕ ತೆಗೆದು ಎಲ್ಲರ ಕೈಲಿ ಸಾಲಾಗಿ ಸಹಿ ಮಾಡಿಸಿದ್ದು. ಆ ಪುಟದ ಮೇಲೆ ತಾರೀಖು ಬಿಟ್ಟರೆ ಒಂದು ಅಕ್ಷರ ಇರಲಿಲ್ಲ. ಏನು ಮಾತಾಯಿತು, ಏನು ಒಪ್ಪಿದರು ಅಂತ ಬರೆಯುವ ಜಾಗ ಪೂರ್ತಿ ಖಾಲಿ. ನಾನು ಕೇಳಿದೆ, "ಸಾರ್, ಇನ್ನೂ ಮಾತೇ ಆಗಿಲ್ಲ, ಸಹಿ ಯಾವುದಕ್ಕೆ?"

"ಹಾಜರಾತಿಗೆ ಮೇಷ್ಟ್ರೇ. ಮೊದಲು ಸಹಿ ಮಾಡ್ರಿ, ಆಮೇಲೆ ಮಾತಾಡಣ."

ಆಮೇಲೆ ಅವರೇ ಇಪ್ಪತ್ತು ನಿಮಿಷ ಮಾತಾಡಿದರು. ಪ್ರವಾಸಿಗರು ಬರುತ್ತಾರೆ, ರಸ್ತೆ ಆಗುತ್ತೆ, ನಿಮ್ಮ ಹುಡುಗರಿಗೆ ಕೆಲಸ ಸಿಗುತ್ತೆ, ಕಾಡಿಗೆ ಕುರಿ ಬಿಡಬೇಡಿ. ಇಷ್ಟೇ. ಒಂದು ಗಂಟೆ ಆಗುವಷ್ಟರಲ್ಲಿ ಜೀಪು ಊರು ದಾಟಿತ್ತು. ಪುಸ್ತಕವೂ ಅದರಲ್ಲೇ ಹೋಯಿತು, ಅರವತ್ತಕ್ಕೂ ಜಾಸ್ತಿ ಸಹಿ, ಹೆಬ್ಬೆಟ್ಟು ಇರುವ ಖಾಲಿ ಪುಟದ ಸಮೇತ.

ನನಗೆ ಹೊಟ್ಟೆ ಉರಿದಿದ್ದು ಯಾಕೆ ಅಂದರೆ, ಈ ಸಭೆಗೆ ಊರಿನವರು ಸುಮ್ನೆ ಬಂದಿರಲಿಲ್ಲ. ಒಂದು ವಾರ, ರಾತ್ರಿ ಊಟ ಆದ ಮೇಲೆ, ಮಾರಮ್ಮನ ಗುಡಿ ಕಟ್ಟೆ ಮೇಲೆ ಕೂತು, ಕುರಿ ಕಾಯುವವರು, ಸಂಘದ ಹೆಂಗಸರು, ನಾಲ್ಕೈದು ಕಾಲೇಜು ಹುಡುಗರು ಸೇರಿ ತಮಗೆ ಏನು ಬೇಕು ಅಂತ ಒಂದು ನಕ್ಷೆ ಮಾಡಿದ್ದರು. ನಾಲ್ಕು ಡ್ರಾಯಿಂಗ್ ಶೀಟು ಅಂಟಿಸಿ ಅದನ್ನು ಬಿಡಿಸಿದ್ದು ಪಿಯುಸಿ ಓದುವ ಒಬ್ಬ ಹುಡುಗಿ. ಗುಡ್ಡಕ್ಕೆ ಹಸಿರು, ಹೊಲಕ್ಕೆ ಕಂದು, ದನಕರು ನೀರು ಕುಡಿಯುವ ಗೋಕಟ್ಟೆಗಳಿಗೆ ನೀಲಿ. ಮೂಲೆಯಲ್ಲಿ ನಮ್ಮ ಕಾಡಿನ ಪುಟ್ಟ ಹುಲ್ಲೆ, ಒಂದು ಕೊಂಡಕುರಿ, ನಾಲ್ಕು ಕೊಂಬನ್ನೂ ಮರೆಯದೆ ಬರೆದಿದ್ದಳು. ಹಿಂದಿನ ಎರಡು ಉದ್ದ, ಹಣೆಯ ಮೇಲಿನ ಎರಡು ಬೆರಳ ತುದಿಯಷ್ಟು. ಸಭೆ ಮುಗಿಯುವ ತನಕ ಆ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇದ್ದಳು. ಬಿಚ್ಚಮ್ಮ ನೋಡಣ ಅಂತ ಒಬ್ಬರೂ ಅನ್ನಲಿಲ್ಲ.

ಹೊರಗಿನ ಗೆಳೆಯರಿಗಾಗಿ ಎರಡು ಮಾತು. ನಮ್ಮ ಕಾಡು ಮಲೆನಾಡಿನ ಹಾಗೆ ದಟ್ಟ ಹಸಿರಿನದಲ್ಲ. ಕುರುಚಲು. ಕಾರೆ, ಜಾಲಿ, ಕಮರ, ತಂಗಡಿ, ಎಲ್ಲೆಂದರಲ್ಲಿ ಸೀತಾಫಲ. ಬೇಸಿಗೆಯಲ್ಲಿ ನೋಡಿದರೆ ಇಲ್ಲೇನಿದೆ ಅನ್ನಿಸುತ್ತೆ. ಇದರಲ್ಲಿ ಸುಮಾರು 77 ಚದರ ಕಿಲೋಮೀಟರನ್ನು 2011ರಲ್ಲಿ ಕೊಂಡಕುರಿಗೆ ಅಂತಲೇ ಅಭಯಾರಣ್ಯ ಮಾಡಿದರು. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ. ಭಾರತ ಮತ್ತು ನೇಪಾಳ ಬಿಟ್ಟರೆ ಎಲ್ಲೂ ಇಲ್ಲ. ಆಡಿನಷ್ಟು ಗಾತ್ರ, ಇಪ್ಪತ್ತು ಕೆಜಿ ಆಸುಪಾಸು. ಹಿಂಡಿನಲ್ಲಿ ಇರಲ್ಲ, ಒಂಟಿಯಾಗಿ ಇಲ್ಲಾ ಜೋಡಿಯಾಗಿ ಪೊದೆಯಲ್ಲಿ ಅಡಗಿರುತ್ತೆ. ನೀರಿನಿಂದ ಜಾಸ್ತಿ ದೂರ ಹೋಗಲ್ಲ. ಬರದ ತಾಲ್ಲೂಕಿನಲ್ಲಿ ಅದರ ಕಷ್ಟವೂ ನಮ್ಮ ಕಷ್ಟವೂ ಒಂದೇ, ನೀರು. 57 ಕೆರೆ ತುಂಬಿಸುವ ಯೋಜನೆಗೆ, ಭದ್ರಾ ಮೇಲ್ದಂಡೆಗೆ ಎಷ್ಟು ವರ್ಷ ಕಾದಿದ್ದೇವೆ ಅಂತ ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಈಗ ಊರಿನವರು ಕೇಳಿದ್ದೇನು ಅಂತ ನೋಡಿ. ಕಾಡಂಚಿನ ಗೋಕಟ್ಟೆಗಳ ಹೂಳು ತೆಗೆಸಿ. ಆ ಹೂಳನ್ನು ರೈತರೇ ತಮ್ಮ ಖರ್ಚಿನಲ್ಲಿ ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೊಡೆದುಕೊಳ್ಳುತ್ತಾರೆ, ಕೆಮ್ಮಣ್ಣಿನ ಹೊಲಕ್ಕೆ ಅದಕ್ಕಿಂತ ಗೊಬ್ಬರ ಬೇಕಾ? ಒಳಗೆ, ಗುಡ್ಡದ ಬುಡದಲ್ಲಿ ಪ್ರಾಣಿಗಳಿಗೆ ಅಂತ ಬೇರೆ ಗುಂಡಿ ಮಾಡಿ. ಯಾಕಂದರೆ ಮಾರ್ಚ್ ಬಂತು ಅಂದರೆ ಒಳಗಿನ ನೀರು ಬತ್ತುತ್ತೆ, ಕೊಂಡಕುರಿ ನಸುಕಿನಲ್ಲಿ ಊರ ಗೋಕಟ್ಟೆಗೆ ಇಳಿಯುತ್ತೆ, ಅಲ್ಲಿ ನಾಯಿಗಳು ಹಿಡಿಯುತ್ತವೆ. ನೀರು ಒಳಗೇ ಸಿಕ್ಕರೆ ಅದು ಕೆಳಗೆ ಯಾಕೆ ಬರುತ್ತೆ? ಕುರಿಯ ರೋಗ ಅದಕ್ಕೆ ತಗಲುವ ಭಯವೂ ಕಮ್ಮಿ. ಇಷ್ಟು ಯೋಚನೆ ಮಾಡಿ ಎರಡು ನೀಲಿ ಚುಕ್ಕೆಗಳನ್ನು ದೂರ ದೂರ ಇಟ್ಟಿದ್ದಾರೆ. ಇದು ಕಾಡು ಉಳಿಸುವ ಮಾತೋ, ಊರು ಉದ್ಧಾರ ಮಾಡುವ ಮಾತೋ? ಬೇರೆ ಮಾಡಿ ತೋರಿಸಿ ನೋಡೋಣ.

ಸೀತಾಫಲದ ವಿಷಯ ಇನ್ನೂ ಹೊಟ್ಟೆಗೆ ಹತ್ತಿರ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹೆಂಗಸರು ಕತ್ತಲಲ್ಲೇ ಎದ್ದು ಗುಡ್ಡ ಹತ್ತಿ ಕಣ್ಣು ಬಿಟ್ಟ ಕಾಯಿ ಆರಿಸಿ ತರುತ್ತಾರೆ. ಮೂರು ದಿನದಲ್ಲಿ ಮೆತ್ತಗಾಗುವ ಹಣ್ಣು. ಇದು ವ್ಯಾಪಾರಿಗೆ ಗೊತ್ತು. ಅದಕ್ಕೇ ಅವನು ಹೇಳಿದ್ದೇ ರೇಟು. ತಿರುಳು ತೆಗೆದು ತಣ್ಣಗೆ ಕಾಪಾಡುವ ಒಂದು ಸಣ್ಣ ಘಟಕ ಸಂಘಕ್ಕೆ ಕೊಡಿ, ಹಣ್ಣು ಆರಿಸಲು ನಮಗೆ ಬರಹದಲ್ಲಿ ಹಕ್ಕು ಕೊಡಿ, ಗಿಡ ಕಡಿಯದ ಹಾಗೆ, ಬೆಂಕಿ ಬೀಳದ ಹಾಗೆ ನಾವು ನೋಡಿಕೊಳ್ಳುತ್ತೇವೆ ಅಂತ ಕೇಳಿದ್ದಾರೆ. ತನ್ನ ಹಣ್ಣಿನ ಗಿಡ ಸುಡೋಕೆ ಯಾರು ಬಿಡುತ್ತಾರೆ? ಗಾರ್ಡು ಒಬ್ಬರೇ ಎಷ್ಟು ಗುಡ್ಡ ಕಾಯುತ್ತಾರೆ, ಪಾಪ.

ಕುರಿ ಮೇಯಿಸುವುದಕ್ಕೂ ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಒಂದು ಗುಡ್ಡ ಸರದಿಯಲ್ಲಿ ಮುಚ್ಚುವುದು. ಹುಲ್ಲು ಬೀಜ ಕಟ್ಟಿ ಉದುರುವ ತನಕ ಯಾರೂ ಅಲ್ಲಿಗೆ ಹೊಡೆಯಬಾರದು. ಇದನ್ನು ಹೇಳಿದ್ದು ಎಪ್ಪತ್ತು ದಾಟಿದ ನನ್ನ ಸೋದರಮಾವ. "ಅಡವಿಗೂ ಬಾಣಂತನ ಅಂತ ಇರ್ತತಲ್ಲೋ ಅಳಿಯಾ" ಅಂದ. ಇದಕ್ಕಿಂತ ಚೆನ್ನಾಗಿ ಯಾವ ವರದಿಯಲ್ಲೂ ನಾನು ಓದಿಲ್ಲ.

ಇಲ್ಲೊಂದು ಮಾತು ಬರುತ್ತೆ ಅಂತ ಗೊತ್ತು. ಹೋದ ಸಲ ಬರೆದಾಗಲೂ ಕೆಲವರು ಕೇಳಿದ್ದಿರಿ. ಜನರ ಕೈಗೆ ಬಿಟ್ಟರೆ ಕಾಡು ಉಳಿಯುತ್ತಾ, ಸೌದೆ ಕಡಿಯುವವರು ಅವರೇ, ಉರುಲು ಹಾಕುವವರೂ ಅವರೇ ಅಂತ.

ಹಾಗಾದರೆ ಇದುವರೆಗೆ ಎಲ್ಲೂ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇದೇ ಮಾವ ಹೊಲದ ಬದುವಿನಲ್ಲಿ ಹಂದಿಗೆ ಉರುಲು ಹಾಕಿದ್ದ. ಬಿದ್ದಿದ್ದು ಕೊಂಡಕುರಿ. ಬ್ಯಾಟರಿ ಹಿಡಿದವನು ನಾನು. ಬೆಳಕಿನಲ್ಲಿ ಕೊಂಬನ್ನು ಬೆರಳಿಂದ ಮುಟ್ಟಿ ಎಣಿಸಿದೆ, ನಾಲ್ಕು. ಇನ್ನೂ ಬೆಚ್ಚಗಿತ್ತು. ಅವತ್ತು ರಾತ್ರಿ ಊಟಕ್ಕೆ ನಾನೂ ಕೂತೆ. ಇಷ್ಟು ವರ್ಷ ಮಕ್ಕಳಿಗೆ ಈ ಪ್ರಾಣಿಯ ಬಗ್ಗೆ ಪಾಠ ಮಾಡಿದ್ದೇನೆ, ಇದನ್ನು ಮಾತ್ರ ಹೇಳಿಲ್ಲ. ಹೇಳೋಕೆ ನಾಚಿಕೆ, ಈಗಲೂ.

ಆದರೆ ಕೇಳಿ. ನಕ್ಷೆ ಮಾಡುವಾಗ ಕೊಂಡಕುರಿ ಎಲ್ಲಿ ಓಡಾಡುತ್ತೆ ಅಂತ ಗುರುತು ಹಾಕಿಸಿದ್ದು ಅದೇ ಮಾವ. ಅದು ದಿನಾ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ, ರಾಶಿ ಬಿದ್ದಿರುತ್ತೆ. ಆ ಜಾಗಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಹಿಡಿಯೋಕೆ ಗೊತ್ತಿದ್ದವನಿಗೆ ಕಾಯೋಕೂ ಗೊತ್ತು. ಅವನನ್ನು ಕಾಯುವ ಕೆಲಸಕ್ಕೆ ಕರೆಯುತ್ತೀರೋ, ಕಳ್ಳ ಅಂತ ಹೊರಗೆ ನಿಲ್ಲಿಸುತ್ತೀರೋ? 2011ರಲ್ಲಿ ಅಭಯಾರಣ್ಯ ಅಂತ ಬೋರ್ಡು ಹಾಕಿದಾಗ ಒಳಗೆ ಕೊಂಡಕುರಿ ಇತ್ತಲ್ಲ, ಅಷ್ಟು ದಿನ ಅದು ಯಾರ ಮಗ್ಗುಲಲ್ಲಿ ಬದುಕಿತ್ತು? ಚಳ್ಳಕೆರೆ ಕಡೆ ಮ್ಯಾಸಬೇಡರು ದೇವರ ಎತ್ತುಗಳನ್ನು ಇವತ್ತಿಗೂ ಉಳದೆ, ಮಾರದೆ ಸಾಕುತ್ತಾರೆ. ಬರಗಾಲದಲ್ಲಿ ಅವನ್ನು ಕಾಯುವ ಕಿಲಾರಿ ತಾನು ಹಸಿದರೂ ಅವನ್ನು ಮೇಯಿಸುತ್ತಾನೆ. ಕಾಪಾಡುವುದನ್ನು ನಮ್ಮ ಜನಕ್ಕೆ ಯಾರೂ ಜೀಪಿನಲ್ಲಿ ಬಂದು ಕಲಿಸಬೇಕಿಲ್ಲ.

ಅದೇ ಚಳ್ಳಕೆರೆಯಲ್ಲಿ ಏನಾಯಿತು ಅಂತ ನೆನಪಿದೆಯಲ್ಲ. ದನ, ಕುರಿ ಮೇಯುವ ಹುಲ್ಲುಗಾವಲಾದ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಕುರಿ ಹೊಡೆದುಕೊಂಡು ಹೋದವರಿಗೆ ದಾರಿಗೆ ಅಡ್ಡ ಗೋಡೆ ಎದ್ದಾಗಲೇ ಎಷ್ಟೋ ವಿಷಯ ತಿಳಿದಿದ್ದು. ಕುರಿ ಹೋದರೆ ಉಣ್ಣೆ ಹೋಯಿತು, ಉಣ್ಣೆ ಹೋದರೆ ಕಂಬಳಿ ಮಗ್ಗ ನಿಂತಿತು. ಹಸಿರು ಪೀಠದ ತನಕ ಹೋಗಿ ಹೋರಾಡಬೇಕಾಯಿತು. ಕಾವಲನ್ನು ಖಾಲಿ ಜಾಗ ಅಂದುಕೊಂಡಿದ್ದರಿಂದಲೇ ಅಲ್ವಾ ಇದೆಲ್ಲ ಆಗಿದ್ದು? ನಿನ್ನೆ ಆ ಪುಸ್ತಕದ ಖಾಲಿ ಪುಟ ನೋಡಿದಾಗ ನನಗೆ ಅದೇ ನೆನಪಾಯಿತು.

ಕಾನೂನು ಇಲ್ಲ ಅಂತಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನವರನ್ನು ಕೇಳಿಯೇ ದಾಖಲೆ ಬರೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡು ಕಾಯುವ, ನಿರ್ವಹಿಸುವ ಹಕ್ಕು ಕೊಟ್ಟಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ಪುರಾವೆ ತೋರಿಸಬೇಕು, ಅದು ಕಷ್ಟ. ಆದರೂ ಹಿರಿಯರ ಹೇಳಿಕೆಯನ್ನು ಪುರಾವೆಯಾಗಿ ತೆಗೆದುಕೊಳ್ಳಬಹುದು ಅಂತ ನಿಯಮದಲ್ಲೇ ಇದೆ. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ ಲೇಖಾ ಅನ್ನುವ ಪುಟ್ಟ ಊರು 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಸಮುದಾಯದ ಹಕ್ಕು ಪಡೆಯಿತು, 2011ರಿಂದ ತನ್ನ ಬಿದಿರನ್ನು ತಾನೇ ಮಾರುತ್ತಿದೆ. ಅಲ್ಲಿ ಬಿದಿರು, ಇಲ್ಲಿ ಸೀತಾಫಲ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಬಾರದು?

ರೆಸಾರ್ಟು, ಕ್ವಾರಿ ಬಂದರೆ ಕೆಲಸ ಸಿಗುತ್ತೆ ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಎಷ್ಟು ಜನಕ್ಕೆ, ಎಷ್ಟು ವರ್ಷಕ್ಕೆ? ಗುಡ್ಡ ಒಡೆದು ಮುಗಿದ ಮೇಲೆ ಬೋರ್‌ವೆಲ್ ಎಷ್ಟು ಅಡಿಗೆ ಇಳಿಯುತ್ತೆ? ಈಗಲೇ ಎಂಟುನೂರು ಅಡಿ ಕೊರೆಸಿ ಧೂಳು ನೋಡಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಜೀಪು ಹೋದ ಮೇಲೆ ಜನ ಎದ್ದು ಹೊರಟಿದ್ದರು. ಮಾವ ಆ ಹುಡುಗಿಯನ್ನು ಕರೆದು "ಬಿಚ್ಚವ್ವ, ನಾವಾದ್ರೂ ನೋಡಣ" ಅಂದ. ಗುಡಿ ಕಟ್ಟೆ ಮೇಲೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟೆವು. ಹೊರಟವರು ವಾಪಸ್ ಬಂದರು. ಒಬ್ಬಾಕೆ ತನ್ನ ಹೊಲಕ್ಕೆ ಹಂದಿ ಇಳಿಯುವ ದಾರಿ ಇಲ್ಲಿಲ್ಲ ಅಂದಳು, ಅದನ್ನೂ ಸೇರಿಸಿದೆವು. ನಾಯಿಗಳಿಗೆ ಆಪರೇಷನ್ ಮಾಡಿಸಿ ಅಂತ ಹುಡುಗರು ಬರೆಸಿದರು. ಸಂಜೆ ನಾಲ್ಕರ ತನಕ ಆ ಸಭೆ ನಡೆಯಿತು. ಮಾತಾಗಿದ್ದನ್ನೆಲ್ಲ ನಾನು ಹಾಳೆಯಲ್ಲಿ ಬರೆದು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಅದಾದ ಮೇಲೆ ಕೆಳಗೆ ಸಹಿ ಹಾಕಿದರು. ಮಾವ ಇಂಕು ಹತ್ತಿದ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ "ಇನ್ನೊಂದ್ಸಲ ಓದು, ಗೋಕಟ್ಟಿದು ಬಂದೈತೇನು ನೋಡಣ" ಅಂದ. ಮೂರನೇ ಸಲ ಓದಿದೆ.

ಸೋಮವಾರ ಅದರ ಪ್ರತಿಗಳನ್ನು ಪಂಚಾಯಿತಿಗೂ ಸಂಬಂಧಪಟ್ಟ ಕಚೇರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇವೆ. ಖಾಲಿ ಪುಟದಲ್ಲಿ ಏನು ಬರೆದುಕೊಂಡಿದ್ದೀರಿ, ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿಯನ್ನೂ ಹಾಕುತ್ತೇವೆ. ಅರಣ್ಯ ಹಕ್ಕಿನ ಅರ್ಜಿ ತುಂಬಿ ಅನುಭವ ಇರುವ ವಕೀಲರು, ಸೀತಾಫಲದ ತಿರುಳು ತೆಗೆಯುವ ಯಂತ್ರದ ಬಗ್ಗೆ ತಿಳಿದವರು ಈ ಪಟ್ಟಿಯಲ್ಲಿ ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಭಾನುವಾರ ಬೆಳಿಗ್ಗೆ ನಾನು ಊರಿಗೆ ಹೋಗುತ್ತಿದ್ದೇನೆ, ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ.