ಅತ್ತೆಯವರು ಮನೆ ನೋಡಿದರು

ಟಿಕೆಟ್ ಕೊಂಡು ನೋಡುವ ಮನೆಯಾದರೇನು, ನಮ್ಮ ಅತ್ತೆಯವರಿಗೆ ಮನೆಯೆಂದರೆ ಮನೆಯೇ. ಗೋಡೆ ತಟ್ಟಬೇಕು, ಸೂರು ಸೋರುತ್ತದೆಯೇ ಎಂದು ವಿಚಾರಿಸಬೇಕು, ಕಸ ಗುಡಿಸುವವರು ಯಾರೆಂದು ತಿಳಿದುಕೊಳ್ಳಬೇಕು. ಇಂಥವರನ್ನು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ, 12ನೇ ಶತಮಾನದಿಂದ ಕಟ್ಟುತ್ತಾ ಬಂದ ಹ್ಯಾಡನ್ ಹಾಲ್‌ಗೆ ಕರೆದೊಯ್ದೆವು.

ಇಳಿದ ಕೂಡಲೇ ಮಳೆ. ಗಾಳಿಗೆ ಕೊಡೆ ಮೇಲ್ಮುಖವಾಗಿ ಅರಳಿ ನೀರು ತುಂಬಿಕೊಳ್ಳತೊಡಗಿತು. ಒಳಗೆ ಕಾಲಿಡುವಾಗ ನಮ್ಮವರ ಹಣೆ ಬಾಗಿಲಿನ ಮೇಲ್ಪಟ್ಟಿಗೆ ಬಡಿಯಿತು. ‘ತಗ್ಗಿ ಬಗ್ಗಿ ನಡೆಯೋ’ ಎಂದು ಮಗನಿಗೆ ಹುಟ್ಟಿದಾರಭ್ಯ ಹೇಳುತ್ತಾ ಬಂದದ್ದನ್ನು ಅತ್ತೆ ಇಲ್ಲಿಯೂ ಹೇಳಿದರು.

ಅಡುಗೆಮನೆಯಲ್ಲಿ ಶತಮಾನಗಳ ಕೊಚ್ಚಾಟಕ್ಕೆ ಸವೆದು ಗುಳಿ ಬಿದ್ದ ಮರದ ಹಲಗೆಗಳಿವೆ. ಅತ್ತೆ ಗುಳಿಯೊಳಗೆ ಬೆರಳಾಡಿಸಲು ಹೋದರು. ಕಾವಲಿಗಿದ್ದ ಅಜ್ಜಿ ಕೆಮ್ಮಿದರು. ‘ಇಷ್ಟು ಸವೆಯುವ ತನಕ ಹೊಸ ಹಲಗೆ ತಂದುಕೊಡುವ ಗಂಡಸು ಈ ಮನೆಯಲ್ಲಿ ಹುಟ್ಟಲೇ ಇಲ್ಲವೇ?’ ಎಂದರು ಅತ್ತೆ. ಅದನ್ನು ಅನುವಾದಿಸಬೇಕಾದ ನಾನು, ‘ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ’ ಎಂದೆ.

ಔತಣದ ಹಜಾರದಲ್ಲಿ ಮರದ ತಡಿಕೆಗೆ ಕಬ್ಬಿಣದ ಕೈಕೋಳವೊಂದನ್ನು ಬಡಿದಿದ್ದಾರೆ. ಕೊಟ್ಟ ಮದ್ಯವನ್ನು ಕುಡಿದು ಮುಗಿಸದ ಅತಿಥಿಯ ಕೈಯನ್ನು ಅದಕ್ಕೆ ಸಿಕ್ಕಿಸಿ, ಉಳಿದದ್ದನ್ನು ಅವನ ಅಂಗಿಯ ತೋಳಿನೊಳಗೆ ಸುರಿಯುತ್ತಿದ್ದರಂತೆ. ಅತ್ತೆಗೆ ಇದೊಂದು ಪದ್ಧತಿ ಮಾತ್ರ ಸರಿಕಂಡಿತು. ನಮ್ಮ ಮದುವೆ ಮನೆಗಳಲ್ಲಿ ಎಲೆಗೆ ಅಡ್ಡ ಹಿಡಿದ ಕೈಯ ಮೇಲೆಯೇ ಪಾಯಸ ಬಡಿಸುವುದಿಲ್ಲವೇ!

ಮನೆಯವರು ಬೇರೆ ಕೋಟೆಯಲ್ಲಿ ನೆಲೆಸಿ, ಈ ಮನೆ ಸುಮಾರು 200 ವರ್ಷ ಖಾಲಿ ಬಿದ್ದಿತ್ತು. 1920ರ ದಶಕದಲ್ಲಿ ಮನೆಯ ಒಡೆಯರಾದ ರಟ್ಲೆಂಡ್‌ನ ಒಂಬತ್ತನೆಯ ಡ್ಯೂಕ್ ಜೀರ್ಣೋದ್ಧಾರ ಮಾಡಿಸಿದರು. ಯಾರೂ ಕೈ ಹಾಕದ್ದರಿಂದಲೇ ಹಳೆಯ ರೂಪ ಉಳಿಯಿತು ಎಂದು ಅಜ್ಜಿ ಹೆಮ್ಮೆಯಿಂದ ವಿವರಿಸಿದರು. ‘ಬಾಡಿಗೆಗಾದರೂ ಕೊಡಬಾರದಿತ್ತೇ?’ ಎಂದರು ಅತ್ತೆ. ಉದ್ದನೆಯ ಮಹಡಿ ಹಜಾರದ ಕಿಟಕಿಗಾಜುಗಳನ್ನು ಬೆಳಕು ಹಿಡಿಯಲೆಂದು ಬೇರೆ ಬೇರೆ ಓರೆಗೆ ಕೂರಿಸಿದ್ದಾರೆ. ಅವರ ತೀರ್ಪಿನಲ್ಲಿ ಅದು ಬಡಗಿಯ ಸೋಮಾರಿತನ. ಡೊರೋಥಿ ವೆರ್ನನ್ ಎಂಬ ಮಗಳು ಜಾನ್ ಮ್ಯಾನರ್ಸ್ ಜೊತೆ ಇಲ್ಲಿಂದಲೇ ಓಡಿಹೋದಳೆಂಬ ಕತೆಗೆ ಮಾತ್ರ ಅವರು ಕಿವಿ ನಿಮಿರಿಸಿದರು. ಕೊನೆಗೆ ಮನೆ ಆ ದಂಪತಿಗೇ ಸೇರಿತು ಎಂದಾಗ, ‘ಅಳಿಯ ಜಾಣ’ ಎಂದು ತಲೆದೂಗಿದರು.

ಪಕ್ಕದ ಬೇಕ್‌ವೆಲ್ ಪೇಟೆಯ ಪುಡಿಂಗ್ ಪ್ರಸಿದ್ಧ. ಅಡುಗೆಯಾಕೆಯೊಬ್ಬಳು ಮೊಟ್ಟೆಯ ಮಿಶ್ರಣವನ್ನು ಹಿಟ್ಟಿಗೆ ಸೇರಿಸುವ ಬದಲು ಜಾಮಿನ ಮೇಲೆ ಸುರಿದದ್ದರಿಂದ ಹುಟ್ಟಿತೆಂಬ ಪ್ರತೀತಿ. ಅಸಲಿ ಪಾಕವಿಧಾನ ತಮ್ಮದೇ ಎನ್ನುವ ಅಂಗಡಿಗಳು ಒಂದಕ್ಕಿಂತ ಹೆಚ್ಚು. ಮೊಟ್ಟೆ ಇದೆಯೇ ಎಂದು ಕೇಳಿದರೆ, ಅಂಗಡಿಯ ಹುಡುಗಿ ಸಂತೋಷದಿಂದ, ‘ಬೇಕಾದಷ್ಟಿದೆ!’ ಎಂದಳು. ಅತ್ತೆ ಚೀಲದಿಂದ ಅವಲಕ್ಕಿ ಡಬ್ಬಿ ತೆಗೆದು ವೈ ನದಿಯ ದಡದಲ್ಲಿ ಕುಳಿತರು. ಬಾತುಕೋಳಿಗಳು ಸುತ್ತುಗಟ್ಟಿದವು. ನಾಲ್ಕು ಕಾಳು ಎಸೆದದ್ದೇ ಒಂದು ಧೈರ್ಯವಂತ ಬಾತು ಮಡಿಲಿಗೇ ಏರಿ, ಡಬ್ಬಿ ಮಗುಚಿ, ಬಾತುಗಳಿಗೆ ಹಬ್ಬ, ನಮಗೆ ಏಕಾದಶಿ.

ಸಂಜೆ ತಿಪಟೂರಿನ ತಂಗಿಗೆ ಫೋನಿನಲ್ಲಿ ವರದಿ ಹೋಯಿತು: ‘ಗೋಡೆ ಗಟ್ಟಿ. ಗಾಳಿ ಬೆಳಕು ಪರವಾಗಿಲ್ಲ. ಆದರೆ ಬಚ್ಚಲನ್ನು ತೋರಿಸಲೇ ಇಲ್ಲ ಕಣೆ. ಏನೋ ಐಬು ಇರಬೇಕು.’